ರಾಜಾಜಿಯವರು ಮತ್ತು ರಾಷ್ಟ್ರದ ಆಡಳಿತಭಾಷೆಯ ಪ್ರಶ್ನೆ

ಹಿಡಿದ ಪಕ್ಷವನ್ನು ಕಡೆಯವರೆಗೂ ಬಿಡದವನೇ ದೃಢಚಿತ್ತನೆಂದು ಲೋಕವು ಕೊಂಡಾಡುವುದುಂಟು. ಆದರೆ ಹಿಡಿದ ಪಕ್ಷದಲ್ಲಿ ದೋಷವಿದೆಯೆಂದು ಮನವರಿಕೆಯಾದ ಮೇಲೆಯೂ ಅದನ್ನೇ ಸಾಧಿಸುತ್ತ ಹೋಗುವುದು ದೃಢತೆಯಲ್ಲ, ಹಠ. ದೋಷವನ್ನು ಕಂಡು, ಲೋಕಾಪವಾದಕ್ಕೆ ಅಂಜದೆ, ಹೊಸದಾಗಿ ತೋರಿದ ಸತ್ಯದ ಕಡೆಗೆ ತಿರುಗಿ ನಿಲ್ಲುವುದಕ್ಕೆ ಹೆಚ್ಚಿನ ಧೈರ್ಯ ಬೇಕು. ಭಾರತದ ಆಡಳಿತಭಾಷೆ ಯಾವುದಾಗಬೇಕೆಂಬ ಮಹಾವಿವಾದದಲ್ಲಿ ಇಂತಹ ಧೈರ್ಯಕ್ಕೆ ನಿದರ್ಶನವಾಗಿ ನಿಲ್ಲುವವರು ಚಕ್ರವರ್ತಿ ರಾಜಗೋಪಾಲಾಚಾರಿಯವರು. 1938ರಲ್ಲಿ ಮದರಾಸು ಪ್ರಾಂತ್ಯದ ಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯಗೊಳಿಸಿ, ವಿರೋಧಿಸಿದವರನ್ನು ಸೆರೆಮನೆಗೆ ಕಳುಹಿಸಿದವರು ಅವರೇ. ಇಪ್ಪತ್ತು ವರ್ಷಗಳು ಕಳೆದ ಮೇಲೆ, ಹಿಂದಿಯೊಂದೇ ಕೇಂದ್ರದ ಭಾಷೆಯಾಗುವುದು ಅನ್ಯಾಯ, ಇಂಗ್ಲಿಷ್ ಉಳಿಯಲೇಬೇಕು ಎಂದು ಎಂಬತ್ತರ ಇಳಿವಯಸ್ಸಿನಲ್ಲಿ ದೇಶದ ಉದ್ದಗಲಕ್ಕೂ ವಾದಿಸಿದವರೂ ಅವರೇ. ಈ ಎರಡು ನಿಲುವುಗಳ ನಡುವಣ ದಾರಿಯನ್ನು ಅರಿತರೆ ಒಬ್ಬ ಮಹನೀಯರ ಅಂತರಂಗವೂ, ಬಹುಭಾಷೆಗಳ ಈ ದೇಶದ ಒಂದು ಮೂಲಭೂತ ಸಮಸ್ಯೆಯೂ ಒಟ್ಟಿಗೆ ತಿಳಿದುಬರುತ್ತವೆ.

ಜನನ ಮತ್ತು ವಿದ್ಯಾಭ್ಯಾಸ

ರಾಜಾಜಿಯವರು 1878ನೆಯ ಇಸವಿ ಡಿಸೆಂಬರ್ 10ರಂದು ಅಂದಿನ ಸೇಲಂ ಜಿಲ್ಲೆಯ ಹೊಸೂರಿನ ಸಮೀಪದ ತೊರಪಳ್ಳಿ ಎಂಬ ಸಣ್ಣ ಗ್ರಾಮದಲ್ಲಿ ಜನಿಸಿದರು. ತಂದೆ ಚಕ್ರವರ್ತಿ ವೆಂಕಟಾರ್ಯ ಅಯ್ಯಂಗಾರ್ಯರು ಆ ಗ್ರಾಮದ ಮುನಸೀಫರು, ತಾಯಿ ಸಿಂಗಾರಮ್ಮನವರು. ಹೊಸೂರು ಸೀಮೆಯು ಮೈಸೂರು ಸಂಸ್ಥಾನದ ಅಂಚಿಗೆ ಹತ್ತಿದ ಗಡಿನಾಡು. ಅಲ್ಲಿಯ ಸಂತೆಯಲ್ಲಿ, ಜಾತ್ರೆಯಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಕಿವಿಗೆ ಬೀಳುತ್ತಿದ್ದವು. ಒಂದೇ ಊರಿನಲ್ಲಿ ಹಲವು ನುಡಿಗಳು ಜಗಳವಿಲ್ಲದೆ ಬಾಳಬಲ್ಲವೆಂಬುದಕ್ಕೆ ಇಂತಹ ಗಡಿಸೀಮೆಗಳೇ ಸಾಕ್ಷಿ.

ಗ್ರಾಮದ ಶಾಲೆಯಲ್ಲಿಯೂ ಬಳಿಕ ಹೊಸೂರಿನಲ್ಲಿಯೂ ಓದಿ, ಬಾಲಕನು ಬೆಂಗಳೂರಿಗೆ ಬಂದನು. ಅಲ್ಲಿಯ ಸೆಂಟ್ರಲ್ ಕಾಲೇಜು ಅವರಿಗೆ ಪದವಿಯನ್ನಿತ್ತ ವಿದ್ಯಾಲಯ. 1894ರಲ್ಲಿ ಬಿ.ಎ. ಪದವಿಯನ್ನು ಪಡೆದಾಗ ಅವರಿಗೆ ಹದಿನಾರು ವರ್ಷವೂ ತುಂಬಿರಲಿಲ್ಲ. ಆ ಕಾಲೇಜಿನಲ್ಲಿ ಆಂಗ್ಲ ಸಾಹಿತ್ಯವನ್ನು ಬೋಧಿಸುತ್ತಿದ್ದ ಪ್ರೊಫೆಸರ್ ಟೇಟ್ ಅವರ ಪಾಠಪ್ರವಚನಗಳು ಅವರ ಮೇಲೆ ಅಚ್ಚಳಿಯದ ಪ್ರಭಾವವನ್ನು ಬೀರಿದವು. ಮಿತವಾದ ಮಾತು, ಖಚಿತವಾದ ಅರ್ಥ, ಅನಾವಶ್ಯಕವಾದ ಅಲಂಕಾರದ ಪರಿತ್ಯಾಗ ಇವು ರಾಜಾಜಿಯವರ ಆಂಗ್ಲ ಗದ್ಯದ ಲಕ್ಷಣಗಳು. ಅದಕ್ಕೆ ಅಡಿಪಾಯ ಬಿದ್ದದ್ದು ಕನ್ನಡ ನಾಡಿನ ಈ ವಿದ್ಯಾಮಂದಿರದಲ್ಲಿ ಎಂಬುದು ಸ್ಮರಣೀಯ. ತರುವಾಯ ಮದರಾಸಿನಲ್ಲಿ ನ್ಯಾಯಶಾಸ್ತ್ರವನ್ನು ವ್ಯಾಸಂಗ ಮಾಡಿ, 1900ರ ಸುಮಾರಿಗೆ ಸೇಲಂ ಪಟ್ಟಣದಲ್ಲಿ ವಕೀಲಿ ವೃತ್ತಿಯನ್ನು ಆರಂಭಿಸಿದರು.

ವೃತ್ತಿಯಲ್ಲಿ ಅವರಿಗೆ ಕೀರ್ತಿಯೂ ಧನವೂ ಬೇಗನೆ ಲಭಿಸಿದವು. 1897ರಲ್ಲಿ ಅಲಮೇಲು ಮಂಗಮ್ಮನವರೊಡನೆ ವಿವಾಹವಾಗಿ ಐವರು ಮಕ್ಕಳಾಗಿದ್ದರು. ಆದರೆ ನಲವತ್ತು ತುಂಬುವ ಮೊದಲೇ ಪತ್ನೀವಿಯೋಗವಾಯಿತು. ಅವರು ಮರುಮದುವೆಯಾಗದೆ ಮಕ್ಕಳನ್ನು ತಾವೇ ಸಾಕಿದರು. 1917ರಿಂದ 1919ರವರೆಗೆ ಸೇಲಂ ಪುರಸಭೆಯ ಅಧ್ಯಕ್ಷರಾಗಿ ಪೌರಸೇವೆಯನ್ನು ಮಾಡಿದರು.

ಈ ಸೇಲಂ ವಾಸದ ಕಾಲದಲ್ಲಿ ಅವರು ಕೈಗೊಂಡ ಒಂದು ಕಾರ್ಯವನ್ನು ಭಾಷೆಯ ವಿಚಾರದಲ್ಲಿ ಮರೆಯಲಾಗದು. 1916ರಲ್ಲಿ ಅವರೂ ಅವರ ಮಿತ್ರರೂ ಸೇರಿ ತಮಿಳಿನಲ್ಲಿ ವೈಜ್ಞಾನಿಕ ಪರಿಭಾಷೆಯನ್ನು ರಚಿಸುವ ಸಂಘವೊಂದನ್ನು ಸ್ಥಾಪಿಸಿದರು. ರಸಾಯನಶಾಸ್ತ್ರವನ್ನು ಮನೆಯ ಜಗಲಿಯ ಮೇಲೆ ಕುಳಿತು ಹೇಳಿದಂತೆ ತಿಳಿಯಾದ ತಮಿಳಿನಲ್ಲಿ ವಿವರಿಸುವ ಪುಸ್ತಕವನ್ನೂ ಅವರು ಬರೆದರು. ದೇಶಭಾಷೆಯಲ್ಲಿ ವಿಜ್ಞಾನವನ್ನು ಹೇಳಲಾಗದೆಂಬ ಮಾತನ್ನು ಅವರು ವಾದದಿಂದಲ್ಲ, ಕೃತಿಯಿಂದ ಖಂಡಿಸಿದರು. ಮುಂದೆ ಇಂಗ್ಲಿಷಿನ ಪರವಾಗಿ ನಿಂತಾಗ ಮಾತೃಭಾಷೆಯ ದ್ವೇಷಿಯೆಂದು ಅವರನ್ನು ಹಳಿದವರು ಈ ಸಂಗತಿಯನ್ನು ಮರೆತಿದ್ದರು.

ಗಾಂಧೀಜಿಯವರ ಅನುಯಾಯಿ

1919ರ ಮಾರ್ಚ್ ತಿಂಗಳಲ್ಲಿ ಮಹಾತ್ಮಾ ಗಾಂಧಿಯವರು ಮದರಾಸಿಗೆ ಬಂದಾಗ ರಾಜಾಜಿಯವರ ನಿವಾಸದಲ್ಲಿಯೇ ತಂಗಿದ್ದರು. ರೌಲಟ್ ಶಾಸನದ ವಿರುದ್ಧ ದೇಶವ್ಯಾಪಿ ಹರತಾಳವನ್ನು ನಡೆಸುವ ಯೋಚನೆ ಗಾಂಧೀಜಿಯವರಿಗೆ ಸ್ಫುರಿಸಿದ್ದು ಆ ಮನೆಯಲ್ಲಿ. ಅಂದಿನಿಂದ ರಾಜಾಜಿಯವರ ಜೀವನದ ಗತಿಯೇ ಬದಲಾಯಿತು. ಅಸಹಕಾರ ಚಳವಳಿಯಲ್ಲಿ ವಕೀಲಿ ವೃತ್ತಿಯನ್ನು ತ್ಯಜಿಸಿದರು. 1921ರ ಡಿಸೆಂಬರಿನಿಂದ 1922ರ ಮಾರ್ಚಿನವರೆಗೆ ವೆಲ್ಲೂರು ಸೆರೆಮನೆಯಲ್ಲಿದ್ದರು. 1925ರಲ್ಲಿ ತಿರುಚೆಂಗೋಡಿನ ಬಳಿ ಆಶ್ರಮವನ್ನು ಸ್ಥಾಪಿಸಿ ಖಾದಿ, ಹರಿಜನೋದ್ಧಾರ, ಪಾನನಿರೋಧಗಳಿಗಾಗಿ ದುಡಿದರು. 1930ರ ಏಪ್ರಿಲ್ 13ರಂದು ತಿರುಚಿರಾಪಳ್ಳಿಯಿಂದ ಹೊರಟು, ಸುಮಾರು 150 ಮೈಲಿ ನಡೆದು ವೇದಾರಣ್ಯದ ಕಡಲತಡಿಯಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರು. 1933ರಲ್ಲಿ ಅವರ ಮಗಳು ಲಕ್ಷ್ಮಿಯನ್ನು ಗಾಂಧೀಜಿಯವರ ಕಿರಿಯ ಪುತ್ರ ದೇವದಾಸರು ವರಿಸಿದರು.

ಗಾಂಧೀಜಿಯವರ ರಚನಾತ್ಮಕ ಕಾರ್ಯಕ್ರಮದಲ್ಲಿ ಹಿಂದಿಯ ಪ್ರಚಾರವೂ ಒಂದು. ಪರಕೀಯರ ಭಾಷೆಯ ಮೂಲಕ ಸ್ವರಾಜ್ಯದ ಆಡಳಿತ ನಡೆಯುವುದು ಅವಮಾನಕರ, ಬಹುಜನರು ಬಲ್ಲ ಹಿಂದುಸ್ತಾನಿಯೇ ಅಖಿಲ ಭಾರತದ ವ್ಯವಹಾರಭಾಷೆಯಾಗಬೇಕು ಎಂಬುದು ಅವರ ನಿಶ್ಚಯವಾಗಿತ್ತು. ಅದಕ್ಕಾಗಿ 1918ರಲ್ಲಿ ಮದರಾಸಿನಲ್ಲಿ ಹಿಂದಿ ಪ್ರಚಾರದ ಕಾರ್ಯ ಆರಂಭವಾಯಿತು. ಮೊದಲ ಪ್ರಚಾರಕರಾಗಿ ಬಂದವರು ದೇವದಾಸ ಗಾಂಧಿಯವರೇ. ಈ ಕಾರ್ಯಕ್ಕೆ ರಾಜಾಜಿಯವರು ಮನಃಪೂರ್ವಕವಾಗಿ ಬೆಂಬಲವಿತ್ತರು. ದಕ್ಷಿಣ ದೇಶದ ಯುವಕರು ಹಿಂದಿಯನ್ನು ಕಲಿಯದಿದ್ದರೆ ಮುಂದಣ ಸ್ವತಂತ್ರ ಭಾರತದಲ್ಲಿ ಹಿಂದೆ ಬೀಳುವರೆಂಬ ಕಳಕಳಿ ಅವರಿಗಿತ್ತು.

1938ರ ಕಡ್ಡಾಯದ ಆಜ್ಞೆ

1937ರ ಜುಲೈ ತಿಂಗಳಲ್ಲಿ ಮದರಾಸು ಪ್ರಾಂತ್ಯದಲ್ಲಿ ಕಾಂಗ್ರೆಸ್ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು, ರಾಜಾಜಿಯವರು ಮುಖ್ಯಾಮಾತ್ಯರಾದರು. ರೈತರ ಸಾಲಪರಿಹಾರ, ಸೇಲಂ ಜಿಲ್ಲೆಯಲ್ಲಿ ಪಾನನಿರೋಧ, ಹರಿಜನರ ದೇವಾಲಯ ಪ್ರವೇಶ ಮೊದಲಾದ ಸತ್ಕಾರ್ಯಗಳು ಆ ಎರಡು ವರ್ಷಗಳಲ್ಲಿ ನಡೆದವು. ಆ ಪ್ರಾಂತ್ಯದಲ್ಲಿ ತಮಿಳರೊಡನೆ ತೆಲುಗರೂ ಮಲಯಾಳಿಗಳೂ ಇದ್ದರು. ದಕ್ಷಿಣ ಕನ್ನಡ ಹಾಗೂ ಬಳ್ಳಾರಿ ಜಿಲ್ಲೆಗಳ ಕನ್ನಡಿಗರೂ ಆಗ ಅದೇ ಸರ್ಕಾರದ ಪ್ರಜೆಗಳಾಗಿದ್ದರು.

1938ರ ಏಪ್ರಿಲ್ 21ರಂದು ಹೊರಟ ಸರ್ಕಾರಿ ಆಜ್ಞೆಯು 125 ಮಾಧ್ಯಮಿಕ ಶಾಲೆಗಳಲ್ಲಿ ಹಿಂದಿಯ ಕಲಿಕೆಯನ್ನು ಕಡ್ಡಾಯಗೊಳಿಸಿತು. ಸರ್ಕಾರಿ ನೌಕರಿ ಎಲ್ಲರಿಗೂ ದೊರಕುವಂತಹದಲ್ಲ. ಇತರ ಉದ್ಯೋಗಗಳಿಗೂ ವ್ಯಾಪಾರಕ್ಕೂ ಹಿಂದಿಯ ಜ್ಞಾನ ಬೇಕು. ಹಿಂದಿಯನ್ನು ಬಲ್ಲ ದಾಕ್ಷಿಣಾತ್ಯನಿಗೆ ಇತರರಲ್ಲಿ ಗೌರವ ದೊರೆಯುವುದು ಎಂಬುದು ಅವರ ವಾದಸರಣಿ. ಉದ್ದೇಶವು ಸಾಧುವಾಗಿದ್ದರೂ ಉಪಾಯವು ಬಲಾತ್ಕಾರದ್ದಾಗಿತ್ತು. ಪ್ರಾಂತ್ಯದಲ್ಲಿ, ಅದರಲ್ಲಿಯೂ ತಮಿಳು ಜಿಲ್ಲೆಗಳಲ್ಲಿ, ಪ್ರಬಲವಾದ ವಿರೋಧ ತಲೆದೋರಿತು. ಪೆರಿಯಾರ್ ಇ.ವಿ. ರಾಮಸ್ವಾಮಿಯವರು ಅದರ ನಾಯಕರಾದರು. ಅವರಾದರೋ ರಾಜಾಜಿಯವರ ಹಳೆಯ ಸ್ನೇಹಿತರು. ಕಾಂಗ್ರೆಸ್ಸಿನ ಆರಂಭದ ದಿನಗಳಲ್ಲಿ ಇಬ್ಬರೂ ಹೆಗಲೆಣೆಯಾಗಿ ದುಡಿದಿದ್ದರು.

ಶಾಲೆಗಳ ಮುಂದೆ ಧರಣಿ, ಬೀದಿಗಳಲ್ಲಿ ಮೆರವಣಿಗೆ, ಮುಖ್ಯಾಮಾತ್ಯರ ಮನೆಯ ಎದುರಿನಲ್ಲಿ ಪ್ರತಿಭಟನೆ ಇವು ತಿಂಗಳುಗಟ್ಟಲೆ ನಡೆದವು. ಸರ್ಕಾರವು ಜಗ್ಗಲಿಲ್ಲ. ಆಂಗ್ಲ ಪ್ರಭುತ್ವವು ರಾಷ್ಟ್ರೀಯ ಚಳವಳಿಯನ್ನು ಹತ್ತಿಕ್ಕಲು ಬಳಸಿದ್ದ 1932ರ ಕ್ರಿಮಿನಲ್ ಕಾಯಿದೆಯ ತಿದ್ದುಪಡಿ ಶಾಸನವನ್ನೇ ಸ್ವದೇಶೀಯರ ಮಂತ್ರಿಮಂಡಲವೂ ಪ್ರಯೋಗಿಸಿತು. ಒಟ್ಟು 1,198 ಮಂದಿ ಬಂಧಿತರಾದರು. ಅವರಲ್ಲಿ 1,179 ಮಂದಿಗೆ ಶಿಕ್ಷೆಯಾಯಿತು. ಸೆರೆಯಾದ ತಾಯಂದಿರೊಡನೆ ಹಸುಮಕ್ಕಳೂ ಬಂದೀಖಾನೆಗೆ ಹೋದವು. 1939ರ ಆರಂಭದಲ್ಲಿ ನಟರಾಜನ್, ತಾಳಮುತ್ತು ಎಂಬ ಇಬ್ಬರು ಬಂಧನದಲ್ಲಿದ್ದಾಗಲೇ ಅಸುನೀಗಿದರು. ಉಪ್ಪಿನ ಸತ್ಯಾಗ್ರಹದಲ್ಲಿ ತಾವೇ ಸೆರೆ ಕಂಡಿದ್ದ ರಾಜಾಜಿಯವರ ಆಡಳಿತಕ್ಕೆ ಈ ಕಳಂಕ ತಗುಲಿದ್ದು ವಿಷಾದಕರ. ಚರಿತ್ರೆಯಲ್ಲಿ ಇದನ್ನು ಮರೆಮಾಚುವುದು ಯುಕ್ತವಲ್ಲ.

1939ರ ಅಕ್ಟೋಬರಿನಲ್ಲಿ ಮಹಾಯುದ್ಧದ ಕಾರಣದಿಂದ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆಯಿತ್ತವು. 1940ರ ಫೆಬ್ರವರಿ 21ರಂದು ಗವರ್ನರ್ ಎರ್ಸ್ಕಿನ್ನರು ಹಿಂದಿಯ ಕಡ್ಡಾಯವನ್ನು ರದ್ದುಪಡಿಸಿದರು. ಸ್ವದೇಶೀಯ ಸರ್ಕಾರವು ಮಾಡಿದ ಗಾಯಕ್ಕೆ ಪರಕೀಯ ಅಧಿಕಾರಿಯು ಮದ್ದು ಹಚ್ಚಿದಂತಾಯಿತು.

ಸಂವಿಧಾನದ ಸಂಧಾನ

ಸ್ವಾತಂತ್ರ್ಯಾನಂತರ ರಾಜಾಜಿಯವರು ಪಶ್ಚಿಮ ಬಂಗಾಳದ ರಾಜ್ಯಪಾಲರಾದರು. 1948ರ ಜೂನ್ 21ರಂದು ಮೌಂಟ್‌ಬ್ಯಾಟನ್ನರ ಸ್ಥಾನದಲ್ಲಿ ಗವರ್ನರ್ ಜನರಲ್ ಪದವಿಯನ್ನು ಅಲಂಕರಿಸಿದರು. ಆ ಪದವಿಗೇರಿದ ಭಾರತೀಯರು ಅವರೊಬ್ಬರೇ. 1950ರ ಜನವರಿ 26ರಂದು ಗಣರಾಜ್ಯವು ಉದಯಿಸಿದಾಗ ಆ ಪದವಿಯೇ ಕೊನೆಗೊಂಡಿತು.

ಅವರು ಆ ಉನ್ನತ ಪೀಠದಲ್ಲಿದ್ದಾಗಲೇ ಸಂವಿಧಾನ ಸಭೆಯು ಭಾಷೆಯ ಜಟಿಲ ಪ್ರಶ್ನೆಯನ್ನು ಚರ್ಚಿಸಿತು. ಹಿಂದಿಯನ್ನು ಕೂಡಲೇ ನೆಲೆಗೊಳಿಸಬೇಕೆಂದು ಉತ್ತರದವರೂ, ಅವಸರ ಕೂಡದೆಂದು ದಕ್ಷಿಣದವರೂ ತೀವ್ರವಾಗಿ ವಾದಿಸಿದರು. ಕನ್ಹಯ್ಯಾಲಾಲ್ ಮುನ್ಷಿ ಮತ್ತು ಗೋಪಾಲಸ್ವಾಮಿ ಅಯ್ಯಂಗಾರ್ಯರು ಸಿದ್ಧಪಡಿಸಿದ ಸಂಧಾನಸೂತ್ರವು 1949ರ ಸೆಪ್ಟೆಂಬರ್ 14ರಂದು ಅಂಗೀಕೃತವಾಯಿತು. ಅದರಂತೆ 343ನೆಯ ಅನುಚ್ಛೇದವು ದೇವನಾಗರಿ ಲಿಪಿಯ ಹಿಂದಿಯನ್ನು ಒಕ್ಕೂಟದ ಅಧಿಕೃತ ಭಾಷೆಯೆಂದು ಸಾರಿತು. ಸಂವಿಧಾನವು ಜಾರಿಗೆ ಬಂದ ದಿನದಿಂದ ಹದಿನೈದು ವರ್ಷ, ಎಂದರೆ 1965ರ ಜನವರಿ 26ರವರೆಗೆ, ಇಂಗ್ಲಿಷ್ ಮುಂದುವರಿಯಬಹುದೆಂದಿತು. ಆಮೇಲೆಯೂ ಅದು ಬೇಕಾದರೆ ಸಂಸತ್ತು ಶಾಸನ ಮಾಡಬಹುದೆಂದು ಒಂದು ಬಾಗಿಲನ್ನು ತೆರೆದಿಟ್ಟಿತು. ಯಾವ ಭಾಷೆಗೂ ರಾಷ್ಟ್ರಭಾಷೆಯೆಂಬ ಹೆಸರನ್ನು ಸಂವಿಧಾನವು ಕೊಡಲಿಲ್ಲ. ಎಂಟನೆಯ ಅನುಸೂಚಿಯಲ್ಲಿ ಕನ್ನಡವೂ ಸೇರಿ 14 ಭಾಷೆಗಳನ್ನು ಹೆಸರಿಸಲಾಯಿತು. ಇಂಗ್ಲಿಷಿಗೆ ಅಲ್ಲಿ ಸ್ಥಾನವಿರಲಿಲ್ಲ.

ಮುಂದೆ ರಾಜಾಜಿಯವರು ಸ್ವಲ್ಪ ಕಾಲ ಕೇಂದ್ರದ ಗೃಹಮಂತ್ರಿಗಳಾಗಿದ್ದು, 1952ರಲ್ಲಿ ಮತ್ತೆ ಮದರಾಸಿನ ಮುಖ್ಯಮಂತ್ರಿಗಳಾದರು. 1953ರಲ್ಲಿ ಗ್ರಾಮದ ಮಕ್ಕಳು ಅರ್ಧ ದಿನ ಶಾಲೆಯಲ್ಲಿ ಓದಿ, ಉಳಿದರ್ಧ ದಿನ ಮನೆಯ ಕಸುಬನ್ನು ಕಲಿಯುವಂತಹ ಶಿಕ್ಷಣ ಪದ್ಧತಿಯನ್ನು ಆಚರಣೆಗೆ ತಂದರು. ಶಾಲೆಗಳ ಕೊರತೆಯನ್ನು ನೀಗಿಸುವುದು ಅದರ ಉದ್ದೇಶವಾಗಿತ್ತು. ಆದರೆ ತಂದೆಯ ಕುಲಕಸುಬಿಗೇ ಮಗನನ್ನು ಕಟ್ಟಿಹಾಕುವ ಉಪಾಯವಿದೆಂದು ಜನರು ಭಾವಿಸಿದರು. ಪ್ರತಿಭಟನೆಗಳು ಭುಗಿಲೆದ್ದು, 1954ರ ಏಪ್ರಿಲಿನಲ್ಲಿ ಅವರು ಅಧಿಕಾರವನ್ನು ಬಿಟ್ಟರು. ಆ ಪದ್ಧತಿಯೂ ರದ್ದಾಯಿತು. ಜನರ ಒಪ್ಪಿಗೆಯನ್ನು ಪಡೆಯದೆ ಮಕ್ಕಳ ವಿದ್ಯೆಯ ವಿಷಯದಲ್ಲಿ ಮೇಲಿನಿಂದ ಆಜ್ಞೆ ಮಾಡಿದರೆ ಫಲವೇನಾಗುವುದೆಂಬುದು ಹೀಗೆ ಎರಡನೆಯ ಸಲ ಪ್ರಕಟವಾಯಿತು. ಅದೇ ವರ್ಷ ಭಾರತರತ್ನ ಪ್ರಶಸ್ತಿಯನ್ನು ಪಡೆದ ಮೊದಲ ಮೂವರಲ್ಲಿ ಅವರೂ ಒಬ್ಬರಾದರು.

ಅಭಿಪ್ರಾಯದ ಪರಿವರ್ತನೆ

1955ರಲ್ಲಿ ಬಿ.ಜಿ. ಖೇರ್ ಅವರ ಅಧ್ಯಕ್ಷತೆಯಲ್ಲಿ ರಾಜಭಾಷಾ ಆಯೋಗವು ನೇಮಕವಾಯಿತು. 1956ರಲ್ಲಿ ಅದು ಸಲ್ಲಿಸಿದ ವರದಿಯು ಹಿಂದಿಯ ಕಡೆಗೆ ಹಂತಹಂತವಾಗಿ ಸಾಗುವ ಮಾರ್ಗವನ್ನು ಸೂಚಿಸಿತು. ಇಬ್ಬರು ಸದಸ್ಯರು ಮಾತ್ರ ಭಿನ್ನಮತವನ್ನು ದಾಖಲಿಸಿದರು. ಒಬ್ಬರು ಬಂಗಾಳದ ಸುಪ್ರಸಿದ್ಧ ಭಾಷಾಶಾಸ್ತ್ರಜ್ಞ ಸುನೀತಿಕುಮಾರ ಚಟರ್ಜಿಯವರು. ಇನ್ನೊಬ್ಬರು ಡಾಕ್ಟರ್ ಪಿ. ಸುಬ್ಬರಾಯನ್ನರು. ಈ ಸುಬ್ಬರಾಯನ್ನರೇ 1937ರ ರಾಜಾಜಿ ಮಂತ್ರಿಮಂಡಲದಲ್ಲಿ ವಿದ್ಯಾಮಂತ್ರಿಗಳಾಗಿದ್ದವರು. ಹಿಂದಿಯನ್ನು ಕಡ್ಡಾಯಗೊಳಿಸಿದ ಸರ್ಕಾರದ ಮುಖ್ಯಾಮಾತ್ಯರೂ ವಿದ್ಯಾಮಂತ್ರಿಗಳೂ ಇಬ್ಬರೂ ಎರಡು ದಶಕಗಳೊಳಗೆ ಎದುರು ದಡವನ್ನು ಸೇರಿದ್ದರು.

1956ರಲ್ಲಿಯೇ, ಇಂಗ್ಲಿಷ್ ಅಧಿಕೃತ ಭಾಷೆಯಾಗಿ ಮುಂದುವರಿಯಬೇಕೆಂಬ ತಮಿಳು ಸಂಸ್ಕೃತಿ ಅಕಾಡೆಮಿಯ ನಿರ್ಣಯಕ್ಕೆ ರಾಜಾಜಿಯವರು ಪೆರಿಯಾರ್, ಅಣ್ಣಾದುರೈ ಅವರೊಡನೆ ಬೆಂಬಲವಿತ್ತರು. 1958ರ ಮಾರ್ಚಿನಲ್ಲಿ ಕಲ್ಕತ್ತೆಯಲ್ಲಿ ಅಖಿಲ ಭಾರತ ಭಾಷಾ ಸಮ್ಮೇಳನವು ನೆರೆಯಿತು. ಬಂಗಾಳಿ, ಅಸ್ಸಾಮಿ, ಒರಿಯಾ, ಮರಾಠಿ, ತಮಿಳು, ತೆಲುಗು, ಮಲಯಾಳಗಳೊಡನೆ ಕನ್ನಡದ ಪ್ರತಿನಿಧಿಗಳೂ ಅಲ್ಲಿ ಸೇರಿದ್ದರು. ಹಿಂದಿಯ ಅಭಿಮಾನಿಗಳಿಗೆ ಇಂಗ್ಲಿಷ್ ಎಷ್ಟು ಪರಕೀಯವೋ ಹಿಂದಿಯೇತರರಿಗೆ ಹಿಂದಿಯೂ ಅಷ್ಟೇ ಪರಕೀಯವೆಂದು ರಾಜಾಜಿಯವರು ಆಗ ಸಾರಿದರು. ಸ್ವರಾಜ್ಯ ಎಂಬ ಆಂಗ್ಲ ವಾರಪತ್ರಿಕೆಯಲ್ಲಿ ವಾರವಾರವೂ ಬರೆದು ಈ ಪಕ್ಷವನ್ನು ಸಮರ್ಥಿಸಿದರು.

ಅವರ ಸಮರ್ಥನೆಯಲ್ಲಿ ನಾಲ್ಕು ಎಳೆಗಳನ್ನು ಗುರುತಿಸಬಹುದು. ಮೊದಲನೆಯದು ನ್ಯಾಯದ ವಿಚಾರ. ಕೇಂದ್ರಸೇವೆಯ ಪರೀಕ್ಷೆಗಳಲ್ಲಿ, ಸಂಸತ್ತಿನ ಚರ್ಚೆಯಲ್ಲಿ, ಕಚೇರಿಯ ಟಿಪ್ಪಣಿಗಳಲ್ಲಿ ಹಿಂದಿಯೊಂದೇ ನಿಂತರೆ, ತಾಯಿಯ ಮಡಿಲಿನಲ್ಲಿಯೇ ಅದನ್ನು ಕಲಿತವರು ಮುಂದೆ ನಿಲ್ಲುವರು. ಉಳಿದವರು ಎಷ್ಟು ಶ್ರಮಿಸಿದರೂ ಹಿಂದಾಗುವರು. ಇಂಗ್ಲಿಷ್ ಯಾರ ಮನೆಮಾತೂ ಅಲ್ಲವಾದುದರಿಂದ ಅದನ್ನು ಕಲಿಯುವ ಕಷ್ಟ ಎಲ್ಲರಿಗೂ ಸಮಾನ. ಎರಡನೆಯದು ಐಕ್ಯದ ವಿಚಾರ. ಒಂದು ಪ್ರದೇಶದ ನುಡಿಯನ್ನು ಉಳಿದ ಪ್ರದೇಶಗಳ ಮೇಲೆ ಹೊರಿಸಿದರೆ ಐಕ್ಯವು ಬೆಳೆಯದು, ಬಿರುಕು ಬೆಳೆದೀತು. ಮೂರನೆಯದು ಜ್ಞಾನದ ವಿಚಾರ. ಉನ್ನತ ನ್ಯಾಯಾಲಯಗಳು, ವಿಶ್ವವಿದ್ಯಾಲಯಗಳು, ವಿಜ್ಞಾನ, ಅಂತಾರಾಷ್ಟ್ರೀಯ ವ್ಯವಹಾರ ಇವೆಲ್ಲ ಇಂಗ್ಲಿಷಿನಲ್ಲಿ ಬೇರೂರಿರುವಾಗ ಆ ಬೇರನ್ನು ಕೀಳುವುದು ವಿವೇಕವಲ್ಲ. ನಾಲ್ಕನೆಯದು ಸ್ವಾಭಿಮಾನದ ವಿಚಾರ. ಆಳಿದವರು ಹೊರಟುಹೋದ ಮೇಲೆ ಅವರ ಭಾಷೆಯನ್ನು ದಾಸ್ಯದ ಗುರುತೆಂದು ನೋಡಬೇಕಾಗಿಲ್ಲ. ಯಾರ ಮುಖಾಂತರ ಬಂದರೂ ವಿದ್ಯೆ ವಿದ್ಯೆಯೇ ಆದಕಾರಣ ಇಂಗ್ಲಿಷ್ ಭಾರತಕ್ಕೆ ಸರಸ್ವತೀದೇವಿಯು ದಯಪಾಲಿಸಿದ ಕೊಡುಗೆಯೆಂದು ಅವರು ಭಾವಿಸಿದರು.

ಹಿಂದೆ ಹೇಳಿದುದಕ್ಕೆ ಇದು ವಿರುದ್ಧವಲ್ಲವೇ ಎಂದು ಆಕ್ಷೇಪಿಸಿದವರು ಅನೇಕರು. ಆದರೆ ಪರಿಸ್ಥಿತಿಯೇ ಬೇರೆಯಾಗಿತ್ತು. ಪರತಂತ್ರ ದೇಶದಲ್ಲಿ ಹಿಂದಿಯ ಕಲಿಕೆಯು ಪರಪ್ರಭುತ್ವದ ಎದುರಿನಲ್ಲಿ ಒಗ್ಗಟ್ಟಿನ ಸಂಕೇತವಾಗಿತ್ತು. ಸ್ವತಂತ್ರ ದೇಶದಲ್ಲಿಯಾದರೋ ಅದು ಅಧಿಕಾರ, ಉದ್ಯೋಗಗಳ ಹಂಚಿಕೆಯ ಪ್ರಶ್ನೆಯಾಯಿತು. ಕಲಿತರೆ ಲಾಭವೆಂದು ಹೇಳುವುದು ಒಂದು; ಕಲಿಯದವನಿಗೆ ಬಾಗಿಲು ಮುಚ್ಚಿತೆಂದು ಹೇಳುವುದು ಮತ್ತೊಂದು. ಈ ಭೇದವನ್ನು ರಾಜಾಜಿಯವರು ಮನಗಂಡಿದ್ದರು.

ಪ್ರತಿಪಕ್ಷದ ವಾದ

ಎದುರು ಪಕ್ಷದವರ ಮಾತಿನಲ್ಲಿಯೂ ಸತ್ತ್ವವಿತ್ತು. ಪುರುಷೋತ್ತಮದಾಸ ಟಂಡನ್, ಸೇಠ್ ಗೋವಿಂದದಾಸ ಪ್ರಭೃತಿಗಳು, ಸ್ವತಂತ್ರ ರಾಷ್ಟ್ರವು ತನ್ನದೇ ಆದ ನುಡಿಯಲ್ಲಿ ಆಳಿಕೊಳ್ಳದಿದ್ದರೆ ಸ್ವಾತಂತ್ರ್ಯವು ಅಪೂರ್ಣವೆಂದು ಭಾವಿಸಿದ್ದರು. ಡಾಕ್ಟರ್ ರಾಮಮನೋಹರ ಲೋಹಿಯಾ ಅವರ ಆಕ್ಷೇಪಣೆ ಇನ್ನೂ ತೀಕ್ಷ್ಣವಾದುದು. ಇಂಗ್ಲಿಷ್ ಉಳಿದರೆ ಅದನ್ನು ಬಲ್ಲ ಕೆಲವರೇ ಅಧಿಕಾರದಲ್ಲಿ ಉಳಿಯುವರು, ಕೋಟ್ಯಂತರ ಜನಸಾಮಾನ್ಯರು ತಮ್ಮದೇ ಸರ್ಕಾರದ ಬಾಗಿಲಲ್ಲಿ ಮೂಕರಾಗಿ ನಿಲ್ಲುವರು ಎಂಬುದು ಅವರ ವಾದ. ಇಂಗ್ಲಿಷಿನ ಸ್ಥಾನದಲ್ಲಿ ಆಯಾ ಪ್ರದೇಶದ ಜನಭಾಷೆಗಳು ಬರಬೇಕೆಂದು ಅವರು ಬಯಸಿದರು. ಹಿಂದಿಯವರಿಗೂ ಹಿಂದಿಯೇತರರಿಗೂ ಇಂಗ್ಲಿಷ್ ಸಮಾನವೆಂದು ರಾಜಾಜಿಯವರು ಹೇಳಿದುದು ನಿಜ. ಆದರೆ ಓದಿದವನಿಗೂ ಓದದವನಿಗೂ, ಪಟ್ಟಣಿಗನಿಗೂ ಹಳ್ಳಿಗನಿಗೂ ಅದು ಸಮಾನವಲ್ಲವೆಂಬ ಲೋಹಿಯಾ ಅವರ ಪಕ್ಷವೂ ಅಷ್ಟೇ ನಿಜ. ಈ ಎರಡನೆಯ ಅಸಮಾನತೆಗೆ ರಾಜಾಜಿಯವರ ಬರಹಗಳಲ್ಲಿ ಸಾಕಷ್ಟು ಪರಿಹಾರ ದೊರೆಯುವುದಿಲ್ಲ.

ವಾಗ್ದಾನ ಮತ್ತು ಶಾಸನ

1959ರಲ್ಲಿ ಫ್ರಾಂಕ್ ಆಂಟನಿ ಅವರು ಇಂಗ್ಲಿಷನ್ನೂ ಎಂಟನೆಯ ಅನುಸೂಚಿಗೆ ಸೇರಿಸಬೇಕೆಂದು ಲೋಕಸಭೆಯಲ್ಲಿ ಗೊತ್ತುವಳಿಯನ್ನು ತಂದರು. ಆ ಚರ್ಚೆಯಲ್ಲಿ, ಆಗಸ್ಟ್ 7ರಂದು, ಪ್ರಧಾನಮಂತ್ರಿ ನೆಹರೂ ಅವರು ಹಿಂದಿಯೇತರ ಜನರು ಬಯಸುವವರೆಗೂ ಇಂಗ್ಲಿಷ್ ಪರ್ಯಾಯ ಭಾಷೆಯಾಗಿ ಮುಂದುವರಿಯುವುದೆಂದು ವಾಗ್ದಾನವಿತ್ತರು. ಅದೇ ವರ್ಷ ರಾಜಾಜಿಯವರು ಸ್ವತಂತ್ರ ಪಕ್ಷವನ್ನು ಸ್ಥಾಪಿಸಿದರು. ಬಾಯಿಮಾತಿನ ವಾಗ್ದಾನವು ಶಾಸನದಲ್ಲಿ ಸೇರಬೇಕೆಂಬುದು ಅವರ ಒತ್ತಾಯವಾಗಿತ್ತು.

1963ರಲ್ಲಿ ಅಧಿಕೃತ ಭಾಷೆಗಳ ಅಧಿನಿಯಮವು ಬಂದಿತು. 1965ರ ಬಳಿಕವೂ ಇಂಗ್ಲಿಷನ್ನು ಬಳಸಬಹುದು ಎಂದು ಅದರಲ್ಲಿತ್ತು. ಬಳಸಬಹುದು ಎಂಬುದನ್ನು ಬಳಸತಕ್ಕದ್ದು ಎಂದು ತಿದ್ದಬೇಕೆಂದು ಹಿಂದಿಯೇತರರು ಕೇಳಿಕೊಂಡರು, ಅದು ಫಲಿಸಲಿಲ್ಲ. ಒಂದು ಕ್ರಿಯಾಪದದ ರೂಪಭೇದದಲ್ಲಿ ಲಕ್ಷಾಂತರ ಯುವಕರ ಭವಿಷ್ಯವು ಅಡಗಿತ್ತು. ವ್ಯಾಕರಣವು ಪಂಡಿತರ ಒಣಚರ್ಚೆಯೆಂದು ಹೀಗಳೆಯುವವರು ಈ ಪ್ರಸಂಗವನ್ನು ಗಮನಿಸಬೇಕು. ಅದೇ 1963ರಲ್ಲಿ ಮೈಸೂರು ರಾಜ್ಯವು ಕನ್ನಡವನ್ನು ರಾಜ್ಯದ ಅಧಿಕೃತ ಭಾಷೆಯೆಂದು ಘೋಷಿಸುವ ಶಾಸನವನ್ನು ಮಾಡಿತು.

1964ರ ಮೇ 27ರಂದು ನೆಹರೂ ಅವರು ತೀರಿಕೊಂಡರು. ವಾಗ್ದಾನವಿತ್ತವರೇ ಇಲ್ಲವಾದಾಗ ದಕ್ಷಿಣದಲ್ಲಿ ಶಂಕೆ ಹೆಚ್ಚಿತು. 1965ರ ಜನವರಿ 17ರಂದು ತಿರುಚಿರಾಪಳ್ಳಿಯಲ್ಲಿ ನೆರೆದ ಸಮ್ಮೇಳನವು ಸಂವಿಧಾನದ ಹದಿನೇಳನೆಯ ಭಾಗವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯಬೇಕೆಂದು ಕೇಳಿತು. ಮೈಸೂರು ರಾಜ್ಯದ ಪ್ರತಿನಿಧಿಗಳೂ ಅದರಲ್ಲಿದ್ದರು. ಜನವರಿ 26 ಸಮೀಪಿಸಿದಂತೆ ಮದರಾಸು ರಾಜ್ಯದಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಕೆಲವರು ಮೈಗೆ ಬೆಂಕಿ ಹಚ್ಚಿಕೊಂಡು ಪ್ರಾಣವನ್ನು ತೆತ್ತರು. ಗೋಲಿಬಾರು, ಲಾಠಿಪ್ರಹಾರ, ದೊಂಬಿಗಳು ನಡೆದವು. ಸರ್ಕಾರಿ ಲೆಕ್ಕದ ಪ್ರಕಾರವೇ ಸುಮಾರು 70 ಮಂದಿ ಮೃತರಾದರು. ಜನವರಿಯ ಕೊನೆಯಲ್ಲಿ ಕಾಮರಾಜ್, ಸಂಜೀವರೆಡ್ಡಿ, ಅತುಲ್ಯ ಘೋಷ್ ಮತ್ತು ಮೈಸೂರಿನ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರು ಬೆಂಗಳೂರಿನಲ್ಲಿ ಸಭೆ ಸೇರಿ, ಹಿಂದಿಯನ್ನು ಒತ್ತಾಯದಿಂದ ಹೇರಬಾರದೆಂದು ಹೇಳಿಕೆಯಿತ್ತರು. ಕೇಂದ್ರದ ಮಂತ್ರಿಗಳಾದ ಸಿ. ಸುಬ್ರಹ್ಮಣ್ಯಂ ಮತ್ತು ಒ.ವಿ. ಅಳಗೇಶನ್ನರು ರಾಜೀನಾಮೆಯನ್ನು ಸಲ್ಲಿಸಿದರು. ಫೆಬ್ರವರಿ 11ರಂದು ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ಆಕಾಶವಾಣಿಯಲ್ಲಿ ಮಾತನಾಡಿ, ನೆಹರೂ ಅವರ ವಾಗ್ದಾನವನ್ನು ಪಾಲಿಸುವುದಾಗಿ ದೇಶಕ್ಕೆ ಭರವಸೆಯಿತ್ತರು.

ಕಾಲದ ಗತಿಯು ವಿಚಿತ್ರವಾದುದು. 1938ರಲ್ಲಿ ಹಿಂದಿಯನ್ನು ವಿರೋಧಿಸಿ ಸೆರೆಗೆ ಹೋಗಿದ್ದ ಪೆರಿಯಾರರು 1965ರ ವಿದ್ಯಾರ್ಥಿ ಚಳವಳಿಯನ್ನು ಬೆಂಬಲಿಸಲಿಲ್ಲ. ಅಂದು ಅವರನ್ನು ಸೆರೆಗೆ ಕಳುಹಿಸಿದ್ದ ರಾಜಾಜಿಯವರೇ ಹಿಂದಿಯ ಹೇರಿಕೆಯ ಪ್ರಬಲ ವಿರೋಧಿಗಳಾಗಿದ್ದರು. 1967ರ ಚುನಾವಣೆಯಲ್ಲಿ ರಾಜಾಜಿಯವರ ಪಕ್ಷದ ಮೈತ್ರಿಯೊಡನೆ ಸ್ಪರ್ಧಿಸಿದ ದ್ರಾವಿಡ ಮುನ್ನೇತ್ರ ಕಳಗವು ಗೆದ್ದು, ಅಣ್ಣಾದುರೈ ಅವರು ಮುಖ್ಯಮಂತ್ರಿಗಳಾದರು. ಅದೇ ವರ್ಷದ ಕೊನೆಯಲ್ಲಿ ಸಂಸತ್ತು ಅಧಿಕೃತ ಭಾಷೆಗಳ ಅಧಿನಿಯಮವನ್ನು ತಿದ್ದುಪಡಿ ಮಾಡಿತು. ಹಿಂದಿಯನ್ನು ತಮ್ಮ ಅಧಿಕೃತ ಭಾಷೆಯಾಗಿ ಅಂಗೀಕರಿಸದ ಎಲ್ಲ ರಾಜ್ಯಗಳ ಶಾಸನಸಭೆಗಳೂ ಇಂಗ್ಲಿಷ್ ಸಾಕೆಂದು ನಿರ್ಣಯಿಸಿ, ಆಮೇಲೆ ಸಂಸತ್ತಿನ ಎರಡೂ ಸದನಗಳು ಹಾಗೆಯೇ ನಿರ್ಣಯಿಸುವವರೆಗೆ ಇಂಗ್ಲಿಷ್ ಮುಂದುವರಿಯತಕ್ಕದ್ದೆಂದು ವಿಧಿಸಲಾಯಿತು. ಬಳಸಬಹುದು ಎಂದಿದ್ದುದು ಈ ವಿಷಯಗಳಲ್ಲಿ ಬಳಸತಕ್ಕದ್ದು ಎಂದಾಯಿತು. ಇಂದಿಗೂ ಒಕ್ಕೂಟದ ವ್ಯವಹಾರವು ನಡೆಯುತ್ತಿರುವುದು ಈ ತಿದ್ದುಪಡಿಯ ಆಧಾರದ ಮೇಲೆಯೇ.

ಸಾಹಿತ್ಯಸೇವೆ ಮತ್ತು ಕೊನೆಯ ದಿನಗಳು

ಇಂಗ್ಲಿಷಿನ ಪಕ್ಷಪಾತಿಯೆಂದು ಹೆಸರಾದ ರಾಜಾಜಿಯವರು ತಮ್ಮ ಹೃದಯದ ಮಾತುಗಳನ್ನು ಬರೆದದ್ದು ತಮಿಳಿನಲ್ಲಿ. ಮಹಾಭಾರತವನ್ನೂ ರಾಮಾಯಣವನ್ನೂ ಮಕ್ಕಳಿಗೂ ಗೃಹಿಣಿಯರಿಗೂ ತಿಳಿಯುವಂತೆ ಮೊದಲು ತಮಿಳಿನಲ್ಲಿ ಹೇಳಿ, ಬಳಿಕ ಆಂಗ್ಲರೂಪವನ್ನು ಕೊಟ್ಟರು. ಅವರ ತಮಿಳು ರಾಮಾಯಣಕ್ಕೆ 1958ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಕಲ್ಕತ್ತೆಯ ಭಾಷಾ ಸಮ್ಮೇಳನವು ನಡೆದದ್ದೂ ಅದೇ ವರ್ಷವೆಂಬುದು ಅರ್ಥಪೂರ್ಣವಾದ ಕಾಕತಾಳೀಯ. ಅವರ ಬಾಳಿನಲ್ಲಿ ಮಾತೃಭಾಷೆ ಮನೆಯಾಗಿತ್ತು, ಇಂಗ್ಲಿಷ್ ಹೆದ್ದಾರಿಯಾಗಿತ್ತು. ಮನೆಯಿದ್ದವನಿಗೆ ಹೆದ್ದಾರಿಯಿಂದ ಪ್ರಯೋಜನ.

1972ರ ಡಿಸೆಂಬರ್ 25ರಂದು, 94ನೆಯ ವಯಸ್ಸಿನಲ್ಲಿ, ರಾಜಾಜಿಯವರು ಮದರಾಸಿನಲ್ಲಿ ದಿವಂಗತರಾದರು. ಅಂತ್ಯಸಂಸ್ಕಾರದ ಸ್ಥಳಕ್ಕೆ ವಯೋವೃದ್ಧರಾದ ಪೆರಿಯಾರರು ಗಾಲಿಕುರ್ಚಿಯಲ್ಲಿ ಕುಳಿತು ಬಂದು ಕಣ್ಣೀರಿಟ್ಟರು. ಭಾಷೆ, ಮತ, ರಾಜಕಾರಣ ಎಲ್ಲದರಲ್ಲಿಯೂ ಅರ್ಧ ಶತಮಾನ ಕಾದಾಡಿದ ಆ ಇಬ್ಬರ ನಡುವೆ ಸ್ನೇಹದ ಎಳೆಯೊಂದು ಕಡೆಯವರೆಗೂ ಹರಿಯದೆ ಉಳಿದಿತ್ತು.

ಉಪಸಂಹಾರ

ರಾಜಾಜಿಯವರು ಬಯಸಿದುದು ಬಹುಮಟ್ಟಿಗೆ ಕೈಗೂಡಿತು. ಎಂಟನೆಯ ಅನುಸೂಚಿಯ ಭಾಷೆಗಳು ಈಗ 22 ಆಗಿವೆ. ಅವುಗಳಲ್ಲಿ ಇಂಗ್ಲಿಷ್ ಇಲ್ಲ. ಆದರೂ ಒಕ್ಕೂಟದ ಕಚೇರಿಗಳಲ್ಲಿಯೂ ಉನ್ನತ ನ್ಯಾಯಾಲಯಗಳಲ್ಲಿಯೂ ಇಂಗ್ಲಿಷ್ ನೆಲೆನಿಂತಿದೆ. ಹಿಂದಿಯೊಂದನ್ನೇ ಹೇರುವ ಅಪಾಯ ತಪ್ಪಿತು. ಆದರೆ ಕೇಂದ್ರದ ಕಚೇರಿಗೂ ಉನ್ನತ ವ್ಯಾಸಂಗಕ್ಕೂ ಬೇಕೆಂದು ಉಳಿಸಿಕೊಂಡ ಇಂಗ್ಲಿಷ್ ಅಷ್ಟಕ್ಕೇ ನಿಲ್ಲದೆ ಹಳ್ಳಿಯ ಶಿಶುವಿಹಾರದವರೆಗೂ ನಡೆದುಬಂದಿದೆ. ಪ್ರಾಥಮಿಕ ಶಿಕ್ಷಣವು ಮಾತೃಭಾಷೆಯಲ್ಲಿಯೇ ನಡೆಯಬೇಕೆಂದು ಸರ್ಕಾರವು ಒತ್ತಾಯಿಸುವಂತಿಲ್ಲವೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಮೊಕದ್ದಮೆಯಲ್ಲಿಯೇ ತೀರ್ಪಿತ್ತಿತು. ಆದುದರಿಂದ ಆಜ್ಞೆಯ ಬಲದಿಂದ ಕನ್ನಡವನ್ನು ಶಾಲೆಯ ಮಾಧ್ಯಮವಾಗಿ ಉಳಿಸುವ ದಾರಿ ಮುಚ್ಚಿದೆ. ಉಳಿದಿರುವುದು ಒಲವಿನ ದಾರಿ ಮಾತ್ರ.

ಇಲ್ಲಿಯೇ ರಾಜಾಜಿಯವರ ಚರಿತ್ರೆಯು ಕನ್ನಡಿಗರಿಗೆ ಪಾಠವಾಗುತ್ತದೆ. ಕಡ್ಡಾಯದಿಂದ ಅವರು ಹಿಂದಿಯನ್ನು ಬೆಳೆಸಲಾಗಲಿಲ್ಲ. ಇದ್ದ ಪ್ರೀತಿಯೂ ಅದರಿಂದ ಕೆಟ್ಟಿತು. ಅದೇ ವ್ಯಕ್ತಿಯು ಯಾರ ಅಪ್ಪಣೆಯೂ ಇಲ್ಲದೆ ತಿಳಿಯಾದ ತಮಿಳಿನಲ್ಲಿ ರಾಮಾಯಣವನ್ನು ಬರೆದಾಗ ಮನೆಮನೆಯಲ್ಲಿ ಜನರು ಓದಿದರು. ಭಾಷೆಯು ಬೆಳೆಯುವುದು ಹೀಗೆ. ಜಗಲಿಯ ಮೇಲೆ ಕುಳಿತು ರಸಾಯನಶಾಸ್ತ್ರವನ್ನು ಹೇಳಬಲ್ಲಂತಹ ಪುಸ್ತಕಗಳು ಕನ್ನಡದಲ್ಲಿ ನೂರಾರು ಬರಲಿ. ಅಂತಹ ಪುಸ್ತಕಗಳನ್ನು ಬೋಧಿಸುವ ಅಧ್ಯಾಪಕರೂ, ಅವನ್ನು ಅಚ್ಚು ಹಾಕಿಸುವ ದಾನಿಗಳೂ, ತಮ್ಮ ಮಕ್ಕಳ ಕೈಗೆ ಅವನ್ನು ಕೊಡುವ ಹಳೆಯ ವಿದ್ಯಾರ್ಥಿಗಳೂ ಇರಲಿ. ಹಾಗಾದರೆ ಇಂಗ್ಲಿಷನ್ನು ಅಂಜದೆ ಕಲಿಯಬಹುದು, ಹಿಂದಿಯನ್ನು ಹಗೆಯಿಲ್ಲದೆ ಕಲಿಯಬಹುದು. ಮನೆಯ ದೀಪ ಉರಿಯುತ್ತಿರುವಾಗ ದಾರಿಯ ದೀಪಗಳ ಬೆಳಕು ಯಾರಿಗೂ ಭಾರವಾಗುವುದಿಲ್ಲ.